ಹುಬ್ಬಳ್ಳಿಯ ನಿಯಂತ್ರಣ ಕೊಠಡಿಗೆ ಹಾನಗಲ್ಲಿನ ಬಸ್ಸೂ ಕಾಣಬೇಕು

ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್ (ಕ್ಷಿಪ್ರ ಬಸ್ ಸಾರಿಗೆ) ನಿಲ್ದಾಣಗಳಲ್ಲಿ ಮುಂದಿನ ಚಿಗರಿ ಬಸ್ಸು ಯಾವಾಗ ಬರುತ್ತದೆಂದು ತಿಳಿಸಲು ಪರದೆಗಳಿವೆ, ಧ್ವನಿ ಪ್ರಕಟಣೆ ಇದೆ, ಅದರ ಹಿಂದೆ ಒಂದು ನಿಯಂತ್ರಣ ಕೊಠಡಿ ಇದೆ. ಅದೇ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟು ಹಾನಗಲ್ ತಾಲ್ಲೂಕಿನ ಯಾವುದೋ ಹಳ್ಳಿಯ ಕ್ರಾಸಿನಲ್ಲಿ ನಿಂತ ರೋಗಿಗೆ ಅಂಥ ಯಾವ ಪರದೆಯೂ ಇಲ್ಲ. ಬಸ್ಸು ಹೋಯಿತೋ, ಬರಬೇಕಿದೆಯೋ, ಇವತ್ತು ರದ್ದಾಗಿದೆಯೋ ಎಂಬುದನ್ನು ಪಕ್ಕದ ಚಹಾದಂಗಡಿಯವರನ್ನು ಕೇಳಿಯೇ ತಿಳಿಯಬೇಕು. ಈ ಎರಡೂ ಬಸ್ಸುಗಳನ್ನು ಓಡಿಸುವುದು ಒಂದೇ ಸಂಸ್ಥೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ.

ಮಹಾನಗರ ಪ್ರದೇಶಕ್ಕೆ ಚತುರ ಸಾರಿಗೆ ವ್ಯವಸ್ಥೆ ಯೋಜಿಸುವುದು ಹೇಗೆ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಎರಡು ದಶಕಗಳಿಂದ ಚರ್ಚೆಯಲ್ಲಿದೆ. ಚರ್ಚೆಯ ಬಹುಪಾಲು ಬೆಂಗಳೂರಿನ ಸಿಗ್ನಲ್‌ಗಳ ಸುತ್ತಲೇ ತಿರುಗಿದೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿ ನಿಂತು ನೋಡಿದರೆ ಪ್ರಶ್ನೆ ಬೇರೆ ರೂಪ ತಾಳುತ್ತದೆ. ನಗರದ ಯಂತ್ರಗಳಿಗೆ ನಗರಕ್ಕೆ ಬರುವ ಜನ ಕಾಣುತ್ತಿದ್ದಾರೆಯೇ?

ಐಟಿಎಸ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ನಿಗೂಢವಾದದ್ದೇನೂ ಇಲ್ಲ. ವಾಹನ ಎಲ್ಲಿದೆ ಎಂದು ಹೇಳುವ ಜಿಪಿಎಸ್ ಸಾಧನ, ರಸ್ತೆ ನೋಡುವ ಕ್ಯಾಮೆರಾ, ದಟ್ಟಣೆಗೆ ತಕ್ಕಂತೆ ಬದಲಾಗುವ ಸಿಗ್ನಲ್, ಎಲೆಕ್ಟ್ರಾನಿಕ್ ಟಿಕೆಟ್, ಪ್ರಯಾಣಿಕರಿಗೆ ಸಮಯ ತಿಳಿಸುವ ಫಲಕ ಅಥವಾ ಆ್ಯಪ್, ಇವೆಲ್ಲವನ್ನೂ ಒಂದುಗೂಡಿಸುವ ನಿಯಂತ್ರಣ ಕೇಂದ್ರ. ಇಷ್ಟು ಸೇರಿದರೆ ಐಟಿಎಸ್. ಸಾಧನಗಳನ್ನು ಕೊಳ್ಳುವುದು ಸುಲಭದ ಕೆಲಸ. ಯಾರ ಮಾಹಿತಿ ಯಾರಿಗೆ ಹೋಗಬೇಕು, ಅದನ್ನು ನೋಡಿ ಯಾರು ಏನು ಮಾಡಬೇಕು ಎಂದು ಮೊದಲೇ ನಿರ್ಧರಿಸುವುದು ಕಷ್ಟದ ಕೆಲಸ. ಯೋಜನೆ ಎಂದರೆ ಮುಖ್ಯವಾಗಿ ಈ ಎರಡನೆಯದು.

ಮಹಾನಗರ ಎಲ್ಲಿಯವರೆಗೆ?

2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಹಾವೇರಿ ಜಿಲ್ಲೆಯದು ಸುಮಾರು 16 ಲಕ್ಷ. 1997ರ ಆಗಸ್ಟ್‌ನಲ್ಲಿ ಹೊಸ ಜಿಲ್ಲೆಯಾಗುವವರೆಗೆ ಹಾವೇರಿಯ ತಾಲ್ಲೂಕುಗಳೆಲ್ಲ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಕಚೇರಿ ಕೆಲಸ, ಕಾಲೇಜು, ಆಸ್ಪತ್ರೆ, ಕೋರ್ಟು ಎಂದು ಆ ಕಡೆ ಹೋಗುವ ರೂಢಿ ತಲೆಮಾರುಗಳದು. ಜಿಲ್ಲೆ ಬೇರೆಯಾದರೂ ದಾರಿ ಬದಲಾಗಲಿಲ್ಲ. ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಯಲ್ಲಿ ಹಾವೇರಿ ಜಿಲ್ಲೆಯೂ ಇದೆ. ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಈಗ ಹಾವೇರಿಯಲ್ಲೂ ವೈದ್ಯಕೀಯ ಕಾಲೇಜು ಇದೆ. ಆದರೂ ಗಂಭೀರ ಕಾಯಿಲೆ ಎಂದ ಕೂಡಲೇ ಬಾಯಿಗೆ ಬರುವ ಹೆಸರು ಹುಬ್ಬಳ್ಳಿಯ ಕಿಮ್ಸ್.

ನಾಲ್ಕೂ ಊರುಗಳ ನಂಟು ಒಂದೇ ಬಗೆಯದಲ್ಲ. ಶಿಗ್ಗಾವಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಇದೆ. ಹೆದ್ದಾರಿ ಬದಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ರಾಕ್ ಗಾರ್ಡನ್ ಇದೆ. ಶಿಶುನಾಳಕ್ಕೂ ಬಾಡಕ್ಕೂ ಹೋಗುವ ಭಕ್ತರು ಇದೇ ತಾಲ್ಲೂಕಿಗೆ ಬರುತ್ತಾರೆ. ನಾಲ್ಕರಲ್ಲಿ ಹುಬ್ಬಳ್ಳಿಗೆ ಅತಿ ಹತ್ತಿರದ್ದು ಇದೇ ಪಟ್ಟಣ. ಸವಣೂರು ಹೆದ್ದಾರಿಯಿಂದ ತುಸು ಪೂರ್ವಕ್ಕೆ ಸರಿದ ಹಳೆಯ ನವಾಬರ ಊರು. ಆ ತಾಲ್ಲೂಕಿನಲ್ಲಿ ಹುಬ್ಬಳ್ಳಿ-ಬೆಂಗಳೂರು ರೈಲು ಮಾರ್ಗವೂ ಹಾದುಹೋಗುತ್ತದೆ. ಹಾನಗಲ್ಲಿಗೆ ರೈಲಿಲ್ಲ. ಅದರ ಮುಖ ಒಂದು ಕಡೆ ಹಾವೇರಿ, ಹುಬ್ಬಳ್ಳಿಯತ್ತ, ಇನ್ನೊಂದು ಕಡೆ ಮುಂಡಗೋಡ, ಶಿರಸಿಯ ಮಲೆನಾಡಿನತ್ತ. ಹಿರೇಕೆರೂರು ದಕ್ಷಿಣದ ತುದಿ. ಅದರ ಒಂದು ಕಾಲು ರಾಣೆಬೆನ್ನೂರು, ಹಾವೇರಿಯಲ್ಲಿದ್ದರೆ ಇನ್ನೊಂದು ಶಿಕಾರಿಪುರ, ಶಿವಮೊಗ್ಗದ ಕಡೆ. ಶಿವಮೊಗ್ಗ, ದಾವಣಗೆರೆ ಕಡೆಯ ಬಸ್ಸುಗಳು ಕೆಎಸ್‌ಆರ್‌ಟಿಸಿಯವು, ಹಾವೇರಿ ಕಡೆಯವು ವಾಯವ್ಯ ಸಂಸ್ಥೆಯವು. ಹೀಗಾಗಿ ಹಿರೇಕೆರೂರಿನ ನಿಲ್ದಾಣದಲ್ಲಿ ಎರಡು ನಿಗಮಗಳ ವೇಳಾಪಟ್ಟಿಗಳು ಕೂಡುತ್ತವೆ, ಪ್ರಯಾಣಿಕನ ತಲೆಯಲ್ಲಿ ಮಾತ್ರ.

ಸಂವಿಧಾನದ 243-ಪಿ ವಿಧಿಯ ಪ್ರಕಾರ ಮಹಾನಗರ ಪ್ರದೇಶ ಎಂದರೆ ಹತ್ತು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ, ಒಂದು ಅಥವಾ ಹೆಚ್ಚು ಜಿಲ್ಲೆಗಳಲ್ಲಿ ಹರಡಿರುವ, ಎರಡು ಅಥವಾ ಹೆಚ್ಚು ನಗರಸಭೆ, ಪಂಚಾಯಿತಿಗಳು ಸೇರಿದ ಪ್ರದೇಶ. ಅದನ್ನು ರಾಜ್ಯಪಾಲರು ಅಧಿಸೂಚನೆಯ ಮೂಲಕ ಗುರುತಿಸಬೇಕು. ಜಿಲ್ಲೆಯ ಗಡಿ ದಾಟಬಹುದು, ಪಂಚಾಯಿತಿಗಳನ್ನು ಒಳಗೊಳ್ಳಬಹುದು ಎಂದು ಸಂವಿಧಾನವೇ ದಾರಿ ಬಿಟ್ಟಿದೆ. ಆದರೆ ನಮ್ಮ ಯೋಜನೆಗಳು ಪಾಲಿಕೆಯ ಗಡಿಯಲ್ಲಿ ನಿಲ್ಲುತ್ತವೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಮೆರಾ, ಕಮಾಂಡ್ ಸೆಂಟರ್ ಎಲ್ಲವೂ ಆ ಗಡಿಯೊಳಗಿನ ಮಾತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಆಡಳಿತದ ಗೆರೆಗಳು ಹೆಚ್ಚುತ್ತಿರುವಾಗ ಸಾರಿಗೆಯ ಯೋಜನೆಯಾದರೂ ಇಡೀ ಪ್ರದೇಶವನ್ನು ಒಂದಾಗಿ ನೋಡಬೇಕಾದ ಅಗತ್ಯ ಇನ್ನಷ್ಟು ಬೆಳೆದಿದೆ.

ಚಿಗರಿ ಕಲಿಸಿದ ಪಾಠ

ಉತ್ತರ ಕರ್ನಾಟಕದಲ್ಲಿ ಐಟಿಎಸ್‌ನ ದೊಡ್ಡ ಪ್ರಯೋಗ ಚಿಗರಿಯೇ. 2012ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು. ವಿಶ್ವಬ್ಯಾಂಕ್ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ ಅವಳಿ ನಗರದ ನಡುವೆ ಸುಮಾರು 22 ಕಿಲೋಮೀಟರ್ ಉದ್ದದ ಪ್ರತ್ಯೇಕ ಬಸ್ ಪಥ ನಿರ್ಮಾಣವಾಯಿತು. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಸಂಚಾರ ಶುರುವಾಗಿ, 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ವಿಧ್ಯುಕ್ತವಾಗಿ ಉದ್ಘಾಟಿಸಿದರು.

ಈ ವ್ಯವಸ್ಥೆಯ ಒಳಗುಟ್ಟನ್ನು ಒಂದು ನಿಲ್ದಾಣದಲ್ಲೇ ನೋಡಬಹುದು. ರಸ್ತೆಯ ನಡುವಿನ ವೇದಿಕೆ ಬಸ್ಸಿನ ನೆಲದ ಮಟ್ಟಕ್ಕೇ ಇದೆ. ಹತ್ತಲು ಮೆಟ್ಟಿಲಿಲ್ಲ, ಗಾಲಿ ಕುರ್ಚಿಯೂ ಸಲೀಸಾಗಿ ಒಳಗೆ ಸರಿಯುತ್ತದೆ. ಟಿಕೆಟನ್ನು ಹೊರಗೇ ಕೊಂಡು ಗೇಟು ದಾಟಿ ಬಂದಿರುವುದರಿಂದ ಬಸ್ಸಿನೊಳಗೆ ಚಿಲ್ಲರೆಯ ಜಗಳವಿಲ್ಲ. ಬಸ್ಸು ನಿಂತು ಹೊರಡುವುದು ಕ್ಷಣಗಳ ಕೆಲಸ. ನಿಲ್ದಾಣದ ಬಳಿ ಹೆಚ್ಚುವರಿ ಪಥ ಇರುವುದರಿಂದ ವೇಗದೂತ ಬಸ್ಸು ನಿಂತ ಬಸ್ಸನ್ನು ದಾಟಿ ಮುಂದೆ ಹೋಗುತ್ತದೆ. ಪ್ರತಿ ಬಸ್ಸಿನ ಜಾಗ ನಿಯಂತ್ರಣ ಕೊಠಡಿಗೆ ತಿಳಿಯುತ್ತದೆ. ಜಂಕ್ಷನ್‌ಗಳಲ್ಲಿ ಬಸ್ಸಿಗೆ ಮೊದಲ ದಾರಿ ಕೊಡುವ ಸಿಗ್ನಲ್‌ಗಳೂ ಯೋಜನೆಯ ಭಾಗ.

ಕೊರತೆಗಳೂ ಕಣ್ಣಿಗೆ ಕಾಣುವಂಥವೇ. ಮಳೆ ಜೋರಾದರೆ ಪಥದ ಕೆಲವು ಕಡೆ ನೀರು ನಿಲ್ಲುತ್ತದೆ. ಬಸ್ಸುಗಳಿಗೆ ವಯಸ್ಸಾಗಿದೆ. ಉಳಿದ ವಾಹನಗಳಿಗೆ ರಸ್ತೆ ಕಿರಿದಾಯಿತೆಂಬ ದೂರು ನಿಂತಿಲ್ಲ. ಬಿಆರ್‌ಟಿಎಸ್ ಬದಲಿಗೆ ವಿದ್ಯುತ್ ಚಾಲಿತ ಕ್ಷಿಪ್ರ ಸಾರಿಗೆ ತರುವ ಪ್ರಸ್ತಾಪವೂ ಚರ್ಚೆಗೆ ಬಂದಿದೆ. ಈ ವಾದಗಳಲ್ಲಿ ಒಂದು ಸಂಗತಿ ಮಾತ್ರ ಅಷ್ಟಾಗಿ ಕೇಳಿಬಂದಿಲ್ಲ. ಹೊಸೂರು ಅಥವಾ ಗೋಕುಲ ರಸ್ತೆಯ ನಿಲ್ದಾಣದಲ್ಲಿ ಇಳಿದು ಚಿಗರಿ ಹತ್ತುವ ಪರ ಊರಿನ ಪ್ರಯಾಣಿಕನ ಪ್ರಯಾಣ ಅಲ್ಲಿ ಎರಡು ತುಂಡಾಗುತ್ತದೆ. ಬೇರೆ ಟಿಕೆಟ್, ಬೇರೆ ಸಾಲು, ಬೇರೆ ಲೆಕ್ಕ. ಸಂಜೆ ಧಾರವಾಡದಿಂದ ವಾಪಸು ಬರುವಾಗ ಹಾನಗಲ್ಲಿನ ಕೊನೆಯ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಹೇಳುವ ಶಕ್ತಿ ಚಿಗರಿಯ ಪರದೆಗಿಲ್ಲ. ಪಥ ನಿರ್ಮಾಣಕ್ಕೆ ನೂರಾರು ಕೋಟಿ ಬೇಕಾಯಿತು. ಈ ಒಂದು ಸಾಲಿನ ಮಾಹಿತಿಗೆ ಅದರ ಸಣ್ಣ ಪಾಲೂ ಬೇಡ.

ಮೈಸೂರು, ಬೆಂಗಳೂರಿನ ದಾರಿ

ಚಿಗರಿಗಿಂತ ಮೊದಲೇ, ಅದೇ ಸುಸ್ಥಿರ ನಗರ ಸಾರಿಗೆ ಯೋಜನೆಯ ನೆರವಿನಲ್ಲಿ, 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ ಐಟಿಎಸ್ ಬಂತು. ‘ಮಿತ್ರ’ ಎಂಬ ಹೆಸರಿನ ಆ ವ್ಯವಸ್ಥೆಯಲ್ಲಿ ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ, ನೂರಕ್ಕೂ ಹೆಚ್ಚು ತಂಗುದಾಣಗಳಲ್ಲಿ ಫಲಕ ಹಾಕಲಾಯಿತು. ಒಂದು ಇಡೀ ನಗರದ ಬಸ್ ಜಾಲವನ್ನು ಹೀಗೆ ಜೋಡಿಸಿದ್ದು ದೇಶದಲ್ಲಿ ಹೊಸತು. ನಾಲ್ಕು ವರ್ಷಗಳ ನಂತರ, 2016ರಲ್ಲಿ, ಬೆಂಗಳೂರಿನ ಬಿಎಂಟಿಸಿ ಕೂಡ ತನ್ನ ಸಾವಿರಾರು ಬಸ್ಸುಗಳಿಗೆ ಐಟಿಎಸ್ ತಂದಿತು. ಕಾಲಕ್ರಮೇಣ ಸಾಧನಗಳು ಕೆಟ್ಟವು, ಟಿಕೆಟ್ ಯಂತ್ರಗಳ ದೂರು ಹೆಚ್ಚಿದವು, ಮೊದಲ ಆ್ಯಪ್ ಮೇಲೆ ಜನ ನಂಬಿಕೆ ಕಳೆದುಕೊಂಡರು. 2023ರಲ್ಲಿ ಸಂಸ್ಥೆ ಹೊಸ ‘ನಮ್ಮ ಬಿಎಂಟಿಸಿ’ ಆ್ಯಪ್ ಹೊರತರಬೇಕಾಯಿತು.

ಎರಡೂ ನಗರಗಳ ಅನುಭವದಿಂದ ತಿಳಿಯುವುದು ಒಂದೇ. ಸಾಧನ ಅಳವಡಿಸುವ ಮೊದಲ ವರ್ಷಕ್ಕೆ ಹಣ ಸಿಗುತ್ತದೆ. ಐದನೆಯ ವರ್ಷದಲ್ಲಿ ಬ್ಯಾಟರಿ ಬದಲಿಸಲು, ಸಿಮ್ ಕಾರ್ಡ್ ನವೀಕರಿಸಲು, ಫಲಕ ಒರೆಸಲು ಹಣ ಸಿಗುವುದಿಲ್ಲ. ನಿರ್ವಹಣೆಯ ಕರಾರಿಲ್ಲದೆ ಕೊಂಡ ಉಪಕರಣ ಪ್ರಯಾಣಿಕನಿಗೆ ಸುಳ್ಳು ಹೇಳತೊಡಗುತ್ತದೆ. ಸುಳ್ಳು ಸಮಯ ತೋರಿಸುವ ಫಲಕಕ್ಕಿಂತ ಫಲಕವೇ ಇಲ್ಲದಿರುವುದು ವಾಸಿ ಎಂದು ಜನ ಹೇಳುವುದು ಈ ಅನುಭವದಿಂದಲೇ.

ಸಿಗ್ನಲ್‌ಗಳ ವಿಚಾರದಲ್ಲಿ ಬೆಂಗಳೂರು ಇನ್ನೂ ಮುಂದೆ ಹೋಗಿದೆ. ಸಂಚಾರ ಪೊಲೀಸರ ಬಿ-ಟ್ರ್ಯಾಕ್ ಯೋಜನೆಯಿಂದ ಆರಂಭವಾದ ಕೆಲಸ ಈಗ ದಟ್ಟಣೆ ನೋಡಿ ತಾನಾಗಿ ಹೊಂದಿಕೊಳ್ಳುವ ಸಿಗ್ನಲ್‌ಗಳವರೆಗೆ ಬಂದಿದೆ. ಸಿ-ಡ್ಯಾಕ್ ರೂಪಿಸಿದ ತಂತ್ರಾಂಶದ ಜೊತೆಗೆ, ಜಪಾನಿನ ನೆರವಿನ ‘ಮೊಡೆರಾಟೊ’ ತಂತ್ರಜ್ಞಾನವೂ ಆಯ್ದ ಜಂಕ್ಷನ್‌ಗಳಲ್ಲಿ ಕೆಲಸ ಮಾಡುತ್ತಿದೆ. ಬೆಂಗಳೂರು ಮತ್ತು ಮೈಸೂರಿಗೆ ಐಟಿಎಸ್ ಮಹಾಯೋಜನೆಯ ಅಧ್ಯಯನ ಮಾಡಿಸಿದ್ದೂ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ. ಹಿರೇಕೆರೂರಿನಂಥ ಪಟ್ಟಣಕ್ಕೆ ಇಂಥ ಸಿಗ್ನಲ್ ತುರ್ತಿನದಲ್ಲ. ಆದರೆ ಮಹಾಯೋಜನೆ ಬರೆಯುವ ಕ್ರಮ, ಅಂದರೆ ಮೊದಲು ಜನರ ಓಡಾಟದ ಸಮೀಕ್ಷೆ, ಆಮೇಲೆ ಆದ್ಯತೆಗಳ ಪಟ್ಟಿ, ಕೊನೆಗೆ ಖರೀದಿ ಎಂಬ ಕ್ರಮ, ಇಲ್ಲಿಗೂ ಬೇಕಾದದ್ದೇ.

ಹೆದ್ದಾರಿಯ ಮೇಲೆ

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಒಂದು ಟೋಲ್, ರಾಣೆಬೆನ್ನೂರಿನ ಬಳಿ ಚಳಗೇರಿಯಲ್ಲಿ ಇನ್ನೊಂದು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಇಲ್ಲಿ ಹಾದುಹೋಗುವ ಪ್ರತಿ ಕಾರು, ಲಾರಿಯ ಸಮಯ ಯಂತ್ರದಲ್ಲಿ ದಾಖಲಾಗುತ್ತಿದೆ. ಹಾವೇರಿ ಜಿಲ್ಲೆಯ ಅತಿ ದೊಡ್ಡ ಐಟಿಎಸ್ ಕುರುಹು ಇದು. ಹಣ ವಸೂಲಿಗೆ ಬಂದ ಈ ಮಾಹಿತಿ ಜೀವ ಉಳಿಸುವುದಕ್ಕೂ ನೆರವಾಗಬಲ್ಲದು.

2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಇದೇ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ ಭದ್ರಾವತಿ ತಾಲ್ಲೂಕಿನ 13 ಮಂದಿ ಸತ್ತರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು ಅವರು. ಹೆದ್ದಾರಿ ಬದಿಯಲ್ಲಿ ನಿಂತ ವಾಹನವನ್ನು ಕ್ಯಾಮೆರಾ ಗುರುತಿಸಿ ಗಸ್ತು ವಾಹನಕ್ಕೆ ತಿಳಿಸುವ ವ್ಯವಸ್ಥೆ ತಂತ್ರಜ್ಞಾನದ ಮಟ್ಟದಲ್ಲಿ ಹೊಸತೇನಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬಿಗಿ ಕ್ರಮಗಳ ಫಲ ಈಗಾಗಲೇ ಕಂಡಿದೆ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧವಾಯಿತು. ವೇಗ ಅಳೆಯುವ, ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. 2023ರಲ್ಲಿ 188 ಇದ್ದ ಸಾವಿನ ಸಂಖ್ಯೆ ಮರುವರ್ಷ 50ರ ಆಸುಪಾಸಿಗೆ ಇಳಿಯಿತು. ಶಿಗ್ಗಾವಿಯಿಂದ ರಾಣೆಬೆನ್ನೂರಿನವರೆಗಿನ ಹೆದ್ದಾರಿಗೂ ಇಂಥ ಗಮನ ಸಲ್ಲಬೇಕು. ಇಲ್ಲಿ ಹೆದ್ದಾರಿ ದಾಟುವವರಲ್ಲಿ ಶಾಲಾ ಮಕ್ಕಳೂ ಇದ್ದಾರೆ, ಎತ್ತಿನ ಗಾಡಿಗಳೂ ಇವೆ ಎಂಬುದನ್ನು ಯೋಜನೆ ಬರೆಯುವವರು ಮರೆಯಬಾರದು.

ಸವಣೂರಿನ ದುಃಖ ಇನ್ನೂ ಹತ್ತಿರದ್ದು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಬಳಿ ಕಂದಕಕ್ಕೆ ಉರುಳಿತು. ಸರಕಿನ ಮೇಲೆಯೇ ಕುಳಿತಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ ಹತ್ತು ಮಂದಿ ಪ್ರಾಣ ಬಿಟ್ಟರು. ಗಾಯಾಳುಗಳನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಸಾಗಿಸಲಾಯಿತು. ಸರಕು ಸಾಗಿಸುವ ವಾಹನದಲ್ಲಿ ಜನ ಕೂರಬಾರದು ಎಂಬ ಕಾನೂನು ಎಲ್ಲರಿಗೂ ಗೊತ್ತು. ಆದರೆ ರಾತ್ರಿ ಹೊರಟು ಬೆಳಗಿನ ಸಂತೆ ಹಿಡಿಯಬೇಕಾದ ಸಣ್ಣ ವ್ಯಾಪಾರಿಗೆ ತನ್ನ ಮಾಲನ್ನು ಬಿಟ್ಟು ಬೇರೆ ಬಸ್ಸಿನಲ್ಲಿ ಹೋಗುವ ಅನುಕೂಲ ಎಷ್ಟಿದೆ? ಯಾವ ವಾರ ಯಾವ ಊರಲ್ಲಿ ಸಂತೆ, ಎಷ್ಟು ಜನ ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂಬ ಲೆಕ್ಕ ಸಂತೆ ಮಾಡುವವರಿಗೆಲ್ಲ ಬಾಯಿಪಾಠ. ಆ ಲೆಕ್ಕ ಸಾರಿಗೆ ಯೋಜನೆಯ ಕಾಗದಕ್ಕೂ ಬರಬೇಕು. ವಾರದ ಸಂತೆಯನ್ನು ಕಾಣದ ಯೋಜನೆಯನ್ನು ಚತುರ ಎಂದು ಕರೆಯಲಾಗದು.

ಟಿಕೆಟ್ ಯಂತ್ರದೊಳಗಿನ ಭೂಪಟ

ಇಷ್ಟಕ್ಕೆಲ್ಲ ಹೊಸದಾಗಿ ಭಾರಿ ಸಮೀಕ್ಷೆ ಬೇಕೆಂದು ತೋರಬಹುದು. ಅದರ ದೊಡ್ಡ ಭಾಗ ಈಗಾಗಲೇ ಸಂಸ್ಥೆಯ ಕೈಯಲ್ಲಿದೆ. ನಿರ್ವಾಹಕರ ಇಟಿಎಂ ಯಂತ್ರದಿಂದ ಹರಿದುಬರುವ ಚೀಟಿಯನ್ನು ಒಮ್ಮೆ ಗಮನವಿಟ್ಟು ಓದಬೇಕು. ದಿನಾಂಕ, ಸಮಯ, ಹತ್ತಿದ ಹಂತ, ಇಳಿಯುವ ಹಂತ, ಎಷ್ಟು ಮಂದಿ, ದರ ಎಷ್ಟು. ಒಂದು ಊರಿನಿಂದ ಇನ್ನೊಂದು ಊರಿಗೆ ಎಷ್ಟು ಹೊತ್ತಿಗೆ ಎಷ್ಟು ಜನ ಹೋಗುತ್ತಾರೆ ಎಂಬ, ನಗರ ಯೋಜಕರು ಲಕ್ಷಾಂತರ ರೂಪಾಯಿ ಕೊಟ್ಟು ಮನೆಮನೆ ಸಮೀಕ್ಷೆಯಿಂದ ಪಡೆಯುವ ಮಾಹಿತಿ ಆ ಚೀಟಿಯಲ್ಲಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಈ ದಾಖಲೆಗೆ ಇನ್ನೊಂದು ಮೌಲ್ಯ ಬಂದಿದೆ. ಉಚಿತವಾಗಿ ಪ್ರಯಾಣಿಸುವ ಪ್ರತಿ ಮಹಿಳೆಗೂ ಶೂನ್ಯ ದರದ ಟಿಕೆಟ್ ಕೊಡಬೇಕು. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಇಂಥ 500 ಕೋಟಿ ಪ್ರಯಾಣಗಳು ಲೆಕ್ಕಕ್ಕೆ ಬಂದವು. ಹೊಲದ ಕೂಲಿಗೆ ಹೋಗುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ತವರಿಗೆ ಹೋಗುವವರು, ಆಸ್ಪತ್ರೆಯಲ್ಲಿರುವ ಮಗುವಿಗೆ ಬುತ್ತಿ ಒಯ್ಯುವವರು, ಹೀಗೆ ಹಿಂದಿನ ಯಾವ ಸಾರಿಗೆ ಸಮೀಕ್ಷೆಯೂ ಹಿಡಿದಿಡದ ಓಡಾಟ ಇದು. ಸರ್ಕಾರದಿಂದ ಹಣ ಮರುಪಾವತಿ ಪಡೆಯಲು ಇಟ್ಟ ಲೆಕ್ಕವನ್ನು ಮಾರ್ಗ ರೂಪಿಸಲೂ ಬಳಸಬೇಕು. ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಮುಂಜಾನೆ ಹೆಚ್ಚು ಮಹಿಳೆಯರು ಹೊರಡುವ ಗಂಟೆ ಯಾವುದು, ರಟ್ಟೀಹಳ್ಳಿಯಿಂದ ಹಿರೇಕೆರೂರಿಗೆ ಸಂಜೆ ಬಸ್ಸು ತುಂಬಿ ತುಳುಕುವುದು ಎಷ್ಟು ಹೊತ್ತಿಗೆ ಎಂಬುದಕ್ಕೆ ಉತ್ತರ ಅಲ್ಲಿಯೇ ಸಿಗುತ್ತದೆ. ಪಾಸು ಹೊಂದಿದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಪ್ರತಿ ಸಲ ಟಿಕೆಟ್ ಹರಿಯುವುದಿಲ್ಲ. ಹಾಗಾಗಿ ಬಾಗಿಲಲ್ಲಿ ಜೋತುಬೀಳುವ ಹುಡುಗರು ಈ ಲೆಕ್ಕದಿಂದ ತಪ್ಪಿಹೋಗುತ್ತಾರೆ. ಅದನ್ನು ಶಾಲೆ, ಕಾಲೇಜುಗಳ ಹಾಜರಿ ಪಟ್ಟಿಯಿಂದ ತುಂಬಿಕೊಳ್ಳಬೇಕು.

ಎರಡನೆಯ ಮೂಲ, ಜಿಪಿಎಸ್. ಸಾರ್ವಜನಿಕ ಸೇವೆಯ ವಾಹನಗಳಿಗೆ ಎಐಎಸ್-140 ಮಾನದಂಡದ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿಯನ್ನು ಕೇಂದ್ರದ ಮೋಟಾರು ವಾಹನ ನಿಯಮಗಳು ಕಡ್ಡಾಯ ಮಾಡಿವೆ. 2019ರ ಜನವರಿಯಿಂದ ಹೊಸ ವಾಹನಗಳಿಗೆ ಇದು ಅನ್ವಯ. ಹಳೆಯ ವಾಹನಗಳಿಗೂ ಅಳವಡಿಸುವಂತೆ ಕರ್ನಾಟಕ ಆದೇಶಿಸಿ, ಗಡುವನ್ನು ಮುಂದೂಡುತ್ತಾ ಬಂದಿದೆ. ಮೂರನೆಯದು ಘಟಕದ ಫಾರಂ-4. ಚಾಲಕ, ನಿರ್ವಾಹಕರು ದಿನವೂ ಹಿಡಿದು ಓಡಾಡುವ ಅನುಸೂಚಿ ಹಾಳೆ ಅದು. ಯಾವ ಗಾಡಿ ಎಷ್ಟು ಗಂಟೆಗೆ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕು, ಯಾವ ಹಳ್ಳಿಯಲ್ಲಿ ವಸ್ತಿ ಮಾಡಬೇಕು ಎಲ್ಲವೂ ಅದರಲ್ಲಿದೆ.

ಹಳ್ಳಿಯವರಿಗೆ ಆ ವಸ್ತಿ ಬಸ್ಸಿನ ಮಹತ್ವ ಗೊತ್ತು. ರಾತ್ರಿ ಊರಲ್ಲೇ ತಂಗುವ ಗಾಡಿ ಮುಂಜಾನೆ ಮೊದಲ ಬಸ್ಸಾಗಿ ತಾಲ್ಲೂಕಿಗೆ ಹೊರಡುತ್ತದೆ. ಕಾಲೇಜಿನ ಮಕ್ಕಳು, ಹಾಲು, ಆಸ್ಪತ್ರೆಯ ಸರದಿ ಹಿಡಿಯಬೇಕಾದವರು ಎಲ್ಲರೂ ಅದಕ್ಕೇ ಕಾಯುತ್ತಾರೆ. ಅದು ಕೆಟ್ಟು ನಿಂತ ದಿನ ಇಡೀ ಊರಿನ ಬೆಳಗು ಏರುಪೇರು. ಹಾನಗಲ್, ಸವಣೂರು, ಹಿರೇಕೆರೂರು ಘಟಕಗಳ ಫಾರಂ-4 ಹಾಳೆಗಳನ್ನು ಒಂದೇ ನಮೂನೆಯಲ್ಲಿ ಗಣಕಕ್ಕೆ ಏರಿಸಿ ಸಾರ್ವಜನಿಕರಿಗೆ ತೆರೆದರೆ, ಚತುರ ಸಾರಿಗೆಯ ಮೊದಲ ಮೆಟ್ಟಿಲು ಹತ್ತಿದ ಹಾಗೆ.

ಹೊರಗಿನವರು ಮಾಡಿದ್ದು

ಈ ಒಂದೇ ನಮೂನೆಯ ಇತಿಹಾಸ ಕುತೂಹಲಕರ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ ತನ್ನ ವೇಳಾಪಟ್ಟಿಯನ್ನು ಗೂಗಲ್ ಜೊತೆ ಹಂಚಿಕೊಂಡಾಗ ಹುಟ್ಟಿದ ಸರಳ ಕಡತ ಮಾದರಿ ಜಿಟಿಎಫ್‌ಎಸ್. ಮಾರ್ಗ, ನಿಲುಗಡೆ, ಸಮಯಗಳನ್ನು ಬರೆದಿಟ್ಟ ಕೆಲವು ಪಠ್ಯ ಕಡತಗಳು, ಅಷ್ಟೇ. ಇಂದು ಜಗತ್ತಿನ ಬಹುತೇಕ ಬಸ್ ಆ್ಯಪ್‌ಗಳು ಅದನ್ನೇ ಓದುತ್ತವೆ. ಭಾರತದಲ್ಲಿ ಕೊಚ್ಚಿ ಮೆಟ್ರೊ 2018ರಲ್ಲಿ ತನ್ನ ದತ್ತಾಂಶವನ್ನು ಹೀಗೆ ತೆರೆದಿಟ್ಟಿತು. ದೆಹಲಿ ಸರ್ಕಾರವೂ ಬಸ್ಸುಗಳ ಮಾಹಿತಿಯನ್ನು ಸಾರ್ವಜನಿಕಗೊಳಿಸಿತು.

ನಮ್ಮ ತಾಲ್ಲೂಕುಗಳಿಗೆ ಇನ್ನೂ ಹತ್ತಿರದ ಉದಾಹರಣೆ ಕೀನ್ಯಾದ ನೈರೋಬಿ. ಅಲ್ಲಿನ ಜನ ಓಡಾಡುವುದು ‘ಮಟಾಟು’ ಎಂಬ ಖಾಸಗಿ ಮಿನಿಬಸ್ಸುಗಳಲ್ಲಿ. ಅವಕ್ಕೆ ಅಧಿಕೃತ ಭೂಪಟವೇ ಇರಲಿಲ್ಲ. ನೈರೋಬಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೊಬೈಲ್ ಹಿಡಿದು ಬಸ್ಸುಗಳಲ್ಲಿ ಓಡಾಡಿ, ಪ್ರತಿ ನಿಲುಗಡೆಯನ್ನೂ ಗುರುತು ಮಾಡಿದರು. ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರೂ ಜೊತೆಗಿದ್ದರು. 2014ರ ಹೊತ್ತಿಗೆ ಇಡೀ ನಗರದ ಮಟಾಟು ನಕ್ಷೆ ಸಿದ್ಧವಾಯಿತು. ಹಾವೇರಿ ಜಿಲ್ಲೆಯಲ್ಲೂ ಟಂಟಂ, ಮ್ಯಾಕ್ಸಿಕ್ಯಾಬ್, ಟ್ರ್ಯಾಕ್ಸ್‌ಗಳದೊಂದು ದೊಡ್ಡ ಜಾಲ ಇದೆ. ಅದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಜಿಲ್ಲೆಯ ಎಂಜಿನಿಯರಿಂಗ್, ಪಾಲಿಟೆಕ್ನಿಕ್, ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗಲಾರದು.

ವರದಾ, ಮಾವು, ಮೆಣಸಿನಕಾಯಿ

ಹೊರಗಿನ ಮಾದರಿಯನ್ನು ಹಾಗೆಯೇ ತಂದು ಕೂರಿಸಿದರೆ ಇಲ್ಲಿನ ಸಂಗತಿಗಳು ತಪ್ಪಿಹೋಗುತ್ತವೆ. ಹಾನಗಲ್ ತಾಲ್ಲೂಕಿನ ಕೂಡಲದಲ್ಲಿ ಧರ್ಮಾ ನದಿ ವರದೆಯನ್ನು ಸೇರುತ್ತದೆ. ವರದೆ ಮುಂದೆ ಸವಣೂರು ತಾಲ್ಲೂಕನ್ನೂ ಹಾದುಹೋಗುತ್ತದೆ. 2019ರ ಆಗಸ್ಟ್‌ನ ನೆರೆಯಲ್ಲಿ ಈ ಭಾಗದ ಹಳ್ಳಿಗಳು ಹೇಗೆ ನಲುಗಿದವು ಎಂಬುದು ನೆನಪಿನಲ್ಲಿದೆ. ತಗ್ಗಿನ ಸೇತುವೆ ಮುಳುಗಿದರೆ ಬಸ್ಸು ಅರ್ಧದಾರಿಗೆ ಹೋಗಿ ವಾಪಸಾಗಬೇಕು. ಅಂಥ ಸೇತುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಾಧನ ಇಟ್ಟು, ಘಟಕಕ್ಕೂ ಪಂಚಾಯಿತಿಗೂ ಮೊಬೈಲಿಗೆ ಸಂದೇಶ ಹೋಗುವಂತೆ ಮಾಡುವುದು ಈ ಪ್ರದೇಶಕ್ಕೇ ಹೊಂದುವ ಐಟಿಎಸ್.

ಮಾವಿನ ಸುಗ್ಗಿಯಲ್ಲಿ ಹಾನಗಲ್ಲಿನ ರಸ್ತೆಗಳ ಲಯವೇ ಬದಲಾಗುತ್ತದೆ. ಆಪೂಸು ಹೊತ್ತ ವಾಹನಗಳಿಗೆ ತಡವಾದಷ್ಟೂ ನಷ್ಟ. ಪಕ್ಕದ ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ವಹಿವಾಟು. ಸುಗ್ಗಿಯ ದಿನಗಳಲ್ಲಿ ಲಕ್ಷಾಂತರ ಚೀಲ ಮೆಣಸಿನಕಾಯಿ ಬಂದು ಬೀಳುತ್ತದೆ. ಆ ದಿನ ಆ ರಸ್ತೆಯಲ್ಲಿ ಬಸ್ಸು, ಆಂಬುಲೆನ್ಸ್‌ಗಳ ಪಾಡು ಹೇಳತೀರದು. ಎಪಿಎಂಸಿಯ ಆವಕದ ಮಾಹಿತಿ ಪೊಲೀಸ್, ಸಾರಿಗೆ ಘಟಕಗಳಿಗೆ ಮೊದಲೇ ಸಿಕ್ಕರೆ ಲಾರಿಗಳನ್ನು ಊರ ಹೊರಗೆ ಸರದಿಯಲ್ಲಿ ನಿಲ್ಲಿಸಬಹುದು. 2008ರಿಂದ ರಾಜ್ಯದಲ್ಲಿ ಓಡಾಡುತ್ತಿರುವ 108 ಆಂಬುಲೆನ್ಸ್‌ಗಳ ಚಾಲಕರಿಗೂ ಆ ಮಾಹಿತಿಯಿಂದ ಬೇರೆ ದಾರಿ ಹಿಡಿಯುವ ಅವಕಾಶ ಸಿಗುತ್ತದೆ.

ಆಕ್ಷೇಪಗಳು

ಹಳ್ಳಿಯಲ್ಲಿ ಎಲ್ಲರ ಬಳಿ ಸ್ಮಾರ್ಟ್‌ಫೋನ್ ಎಲ್ಲಿದೆ ಎಂಬ ಪ್ರಶ್ನೆ ಸರಿಯಾದದ್ದೇ. ಫೋನ್ ಇದ್ದರೂ ಅದು ಹೆಚ್ಚಾಗಿ ಗಂಡಸರ ಜೇಬಿನಲ್ಲಿರುತ್ತದೆ. ಆದ್ದರಿಂದ ಆ್ಯಪ್ ಒಂದನ್ನೇ ನೆಚ್ಚಲಾಗದು. ಕ್ರಾಸಿನ ಕಂಬಕ್ಕೆ ಕನ್ನಡದಲ್ಲಿ ದೊಡ್ಡ ಅಕ್ಷರದ ವೇಳಾಪಟ್ಟಿ, ಅದರ ಕೆಳಗೆ ಆ ನಿಲುಗಡೆಯ ಸಂಖ್ಯೆ, ಆ ಸಂಖ್ಯೆ ಒತ್ತಿದರೆ ಬಸ್ಸು ಎಲ್ಲಿದೆಯೆಂದು ಕನ್ನಡದಲ್ಲಿ ಹೇಳುವ ಸಾದಾ ಫೋನ್ ಕರೆಯ ಸೇವೆ ಇರಬೇಕು. ಗ್ರಾಮ ಪಂಚಾಯಿತಿಯ ಗೋಡೆಗೂ ಅದೇ ಪಟ್ಟಿ ಹಚ್ಚಬಹುದು.

ಖಾಸಗಿತನದ ಆತಂಕವೂ ಹಗುರವಾದದ್ದಲ್ಲ. ಯಾವ ಮಹಿಳೆ ಯಾವ ಊರಿಗೆ ಹೋದಳು ಎಂಬುದು ಯಾರ ಕೈಗೂ ಸಿಗಬಾರದು. ಊರಿಂದ ಊರಿಗೆ ಒಟ್ಟು ಎಷ್ಟು ಜನ ಎಂಬ ಲೆಕ್ಕ ಮಾತ್ರ ಹೊರಗೆ ಹೋಗಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಕ್ಯಾಮೆರಾ, ಕಾರ್ಡ್, ಆ್ಯಪ್ ಯಾವುದನ್ನೇ ತಂದರೂ ಅದರ ಚೌಕಟ್ಟಿನೊಳಗೇ ತರಬೇಕು.

ಇನ್ನು ಬಸ್ಸೇ ಸಾಲದಿರುವಾಗ ಮಾಹಿತಿ ತೆಗೆದುಕೊಂಡು ಏನು ಮಾಡುವುದು ಎಂಬ ಮಾತು. ಇದು ಎಲ್ಲಕ್ಕಿಂತ ತೂಕದ ಆಕ್ಷೇಪ. ಬಸ್ಸು ಹೆಚ್ಚಿಸಲೇಬೇಕು. ಆದರೆ ಎಲ್ಲಿ ಹೆಚ್ಚಿಸಬೇಕೆಂದು ಇಂದು ನಿರ್ಧಾರವಾಗುವುದು ಯಾರ ಮನವಿ ಜೋರಾಗಿದೆ, ಯಾವ ಊರಿನ ವಿದ್ಯಾರ್ಥಿಗಳು ರಸ್ತೆ ತಡೆದರು ಎಂಬುದರ ಮೇಲೆ. ಲೆಕ್ಕ ಎಲ್ಲರ ಮುಂದಿದ್ದರೆ, ದನಿಯಿಲ್ಲದ ಹಳ್ಳಿಗೂ ತನ್ನ ಪಾಲಿನ ಬಸ್ಸು ಕೇಳಲು ಆಧಾರ ಸಿಗುತ್ತದೆ.

ಯಾರು ಮಾಡಬೇಕು?

2001ರಲ್ಲಿ ಅಮೆರಿಕ ಸರ್ಕಾರ ತನ್ನ ರಾಜ್ಯಗಳಿಗೆ ಒಂದು ಷರತ್ತು ಹಾಕಿತು. ಹೆದ್ದಾರಿ ನಿಧಿಯಿಂದ ಐಟಿಎಸ್‌ಗೆ ಹಣ ಬೇಕಿದ್ದರೆ ಮೊದಲು ಇಡೀ ಪ್ರದೇಶಕ್ಕೆ ಒಂದು ಐಟಿಎಸ್ ಚೌಕಟ್ಟು ಬರೆಯಬೇಕು. ಯಾವ ಸಂಸ್ಥೆ ಯಾವ ಮಾಹಿತಿ ಸಂಗ್ರಹಿಸುತ್ತದೆ, ಯಾರಿಗೆ ಕೊಡುತ್ತದೆ, ಯಾರ ಹೊಣೆ ಏನು ಎಂದು ಪೊಲೀಸ್, ಸಾರಿಗೆ, ಹೆದ್ದಾರಿ, ತುರ್ತು ಸೇವೆ ಇವರೆಲ್ಲ ಕೂತು ಒಪ್ಪಿಕೊಳ್ಳಬೇಕು. ಉಪಕರಣ ಆಮೇಲೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಹೆಜ್ಜೆ 2022ರ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಕಾಯ್ದೆ. ಅದರ ವ್ಯಾಪ್ತಿ ಬೆಂಗಳೂರು ಮಾತ್ರ. ಹುಬ್ಬಳ್ಳಿ-ಧಾರವಾಡ ಪ್ರದೇಶಕ್ಕೆ ಹಾಗೊಂದು ಪ್ರಾಧಿಕಾರ ಬೇಕೆಂದರೆ ಕಾನೂನು, ಹಣ, ಸಿಬ್ಬಂದಿ ಎಲ್ಲ ಕೂಡಿಬರಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಅಗತ್ಯವಿಲ್ಲ.

ವಾಯವ್ಯ ಸಾರಿಗೆ ಸಂಸ್ಥೆಯ ವ್ಯಾಪ್ತಿ ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ಉತ್ತರ ಕನ್ನಡ, ಹೀಗೆ ಆರು ಜಿಲ್ಲೆಗಳದು. ಚಿಗರಿಯೂ ಅದರದು, ವಸ್ತಿ ಬಸ್ಸೂ ಅದರದು. ಪ್ರದೇಶವನ್ನು ಒಂದಾಗಿ ನೋಡಬಲ್ಲ ಸಂಸ್ಥೆ ಈಗಾಗಲೇ ಇದೆ ಎಂಬುದೇ ಇಲ್ಲಿನ ಅನುಕೂಲ, ಬೆಂಗಳೂರಿಗೂ ಇಲ್ಲದ ಅನುಕೂಲ. ಹಾವೇರಿ ವಿಭಾಗದಲ್ಲಿ ಮೊದಲ ಪ್ರಯೋಗ ನಡೆಯಲಿ. ನಾಲ್ಕು ತಾಲ್ಲೂಕುಗಳ ವೇಳಾಪಟ್ಟಿ ಜಿಟಿಎಫ್‌ಎಸ್ ನಮೂನೆಗೆ ಬರಲಿ. ಶಕ್ತಿ ಟಿಕೆಟ್‌ಗಳ ಒಟ್ಟು ಲೆಕ್ಕ ಪ್ರತಿ ಮೂರು ತಿಂಗಳಿಗೊಮ್ಮೆ ಊರುವಾರು ಪ್ರಕಟವಾಗಲಿ. ಹಿರೇಕೆರೂರು ನಿಲ್ದಾಣದಲ್ಲಿ ಕೆಎಸ್‌ಆರ್‌ಟಿಸಿಯ ಸಮಯವೂ ಅದೇ ಫಲಕದಲ್ಲಿ ಕಾಣಲಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನು ಚಿಗರಿಗೂ ಹಳ್ಳಿಯ ಬಸ್ಸಿಗೂ ಒಟ್ಟಿಗೆ ಒಪ್ಪಿಕೊಳ್ಳಲಿ. ಬಂಕಾಪುರ ಟೋಲ್, ಹೆದ್ದಾರಿ ಗಸ್ತು, 108, ಘಟಕ ವ್ಯವಸ್ಥಾಪಕರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಒಂದೇ ಮೇಜಿನ ಸುತ್ತ ಕೂರಲಿ.

ಇವುಗಳಲ್ಲಿ ಹೆಚ್ಚಿನವಕ್ಕೆ ವಿಶ್ವಬ್ಯಾಂಕಿನ ಸಾಲ ಬೇಡ, ಹೊಸ ಕಟ್ಟಡ ಬೇಡ. ನಿರ್ವಾಹಕರ ಯಂತ್ರದಲ್ಲಿ ಪ್ರತಿದಿನ ಸೇರುತ್ತಿರುವ ಮಾಹಿತಿಯನ್ನು ಬಳಸುತ್ತೇವೆ, ಅದರಿಂದ ತಯಾರಾದ ವೇಳಾಪಟ್ಟಿಯನ್ನು ಜನರಿಗೆ ತೆರೆದಿಡುತ್ತೇವೆ ಎಂದು ಗೋಕುಲ ರಸ್ತೆಯ ಕಚೇರಿ ಒಂದು ಆದೇಶ ಹೊರಡಿಸಿದರೆ ಕೆಲಸ ಶುರುವಾಗುತ್ತದೆ. ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರಿನ ಶಾಸಕರೂ ಪಟ್ಟಣ ಪಂಚಾಯಿತಿ, ಪುರಸಭೆಗಳ ಸದಸ್ಯರೂ ಆ ಆದೇಶವನ್ನು ಕೇಳಿ ಪಡೆಯಬೇಕು.